ಈ ತಿಂಗಳ ಪಾಠ: ಪ್ರಿಂಟರಿಗೆ ಕರೆಂಟ್ ಬರುವ ದಾರಿ



ಸಂಘದ ಲೆಕ್ಕವನ್ನು ಕೈಯಲ್ಲೇ ಬರೆಯುತ್ತಿದ್ದ ಕಾಲದಲ್ಲಿ ಪೆನ್ನಿನ ಶಾಯಿ ಮುಗಿದರೆ ಪಕ್ಕದ ಮನೆಯ ಮಗುವಿನ ಪೆನ್ನು ತಂದು ಕೆಲಸ ಮುಗಿಸುತ್ತಿದ್ದೆವು. ಈಗ ಹೆಚ್ಚಿನ ಒಕ್ಕೂಟಗಳ ಕಚೇರಿಯಲ್ಲಿ ಕಂಪ್ಯೂಟರ್ ಇದೆ, ಲೇಸರ್ ಪ್ರಿಂಟರ್ ಇದೆ. ನಮ್ಮ ಕೆಲವು ಸದಸ್ಯೆಯರು ಸಾಲ ಪಡೆದು ಜೆರಾಕ್ಸ್ ಮತ್ತು ಟೈಪಿಂಗ್ ಅಂಗಡಿಯನ್ನೇ ನಡೆಸುತ್ತಿದ್ದಾರೆ. ಯಂತ್ರ ಬಂದದ್ದು ಒಳ್ಳೆಯದೇ. ಆದರೆ ಅದು ನಿಂತಾಗ ನಾವೂ ಅದರೊಟ್ಟಿಗೆ ನಿಂತುಬಿಡುತ್ತೇವೆ. “ನಮಗೆ ಅದೆಲ್ಲ ಗೊತ್ತಾಗುದಿಲ್ಲ ಸಿಸ್ಟರ್, ಮುಟ್ಟಿ ಹಾಳಾದ್ರೆ?” ಎನ್ನುವ ಮಾತನ್ನು ನಾವು ಎಷ್ಟೋ ಕಚೇರಿಗಳಲ್ಲಿ ಕೇಳಿದ್ದೇವೆ. ನಾವೂ ಒಂದು ಕಾಲದಲ್ಲಿ ಹಾಗೆಯೇ ಹೇಳಿದವರು. ಅದಕ್ಕೆ ಬೆಲೆ ಕೊಟ್ಟ ಮೇಲೆ ಕಲಿತ ಪಾಠವನ್ನು ಈ ಸಲ ನಿಮ್ಮ ಮುಂದೆ ಇಡುತ್ತಿದ್ದೇವೆ.

ನಡೆದ ಸಂಗತಿ

ಒಂದು ಶುಕ್ರವಾರ ಮಧ್ಯಾಹ್ನ. ಹಲವು ಸಂಘಗಳ ಸಾಲದ ಅರ್ಜಿಗಳನ್ನು ಮರುದಿನ ಬ್ಯಾಂಕಿಗೆ ಕೊಡಬೇಕಿತ್ತು. ಅರ್ಧ ಕಾಗದ ಹೊರಬಂದಿತ್ತು, ಅಷ್ಟರಲ್ಲಿ ಪ್ರಿಂಟರ್ ನಿಂತಿತು. ಒಂದು ಲೈಟೂ ಇಲ್ಲ, ಸದ್ದೂ ಇಲ್ಲ. ಗುಂಡಿ ಒತ್ತಿ ಒತ್ತಿ ಸಾಕಾಯಿತು. ಪೇಟೆಯಿಂದ ರಿಪೇರಿಯವರನ್ನು ಕರೆಸಿದೆವು. ಅವರು ನೋಡಿ, “ಪವರ್ ಸಪ್ಲೈ ಬೋರ್ಡ್ ಹೋಗಿದೆ” ಎಂದು ಹೇಳಿ ಯಂತ್ರವನ್ನು ತೆಗೆದುಕೊಂಡು ಹೋದರು. ಬುಧವಾರ ತಂದುಕೊಟ್ಟರು. ಬಿಲ್ ರೂ. 4,800. ಹಳೆಯ ಬೋರ್ಡ್ ಎಲ್ಲಿ ಎಂದು ನಾವು ಕೇಳಲಿಲ್ಲ. ಏನು ಪರೀಕ್ಷೆ ಮಾಡಿದಿರಿ ಎಂದೂ ಕೇಳಲಿಲ್ಲ. ಸದಸ್ಯೆಯರ ಉಳಿತಾಯದಿಂದ ಬಂದ ಹಣವನ್ನು ಎಣಿಸಿ ಕೊಟ್ಟೆವು.

ಆರು ದಿನ ಕಳೆದ ಮೇಲೆ ಅದೇ ಕಥೆ. ಅರ್ಧ ಕಾಗದಕ್ಕೆ ಯಂತ್ರ ಸತ್ತಿತು.

ಆಗ ಕಚೇರಿ ಗುಡಿಸುವ ಅಕ್ಕ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದರು: “ಸಿಸ್ಟರ್, ಆ ಮೇಜಿನ ಅಡಿಯ ಬಾಕ್ಸ್ ಉಂಟಲ್ಲ, ಗುಡಿಸುವಾಗ ಕೈ ತಾಗಿದ್ರೆ ಬಿಸಿ ಬಿಸಿ ಇರ್ತದೆ. ಒಂಥರಾ ವಾಸನೆ ಕೂಡ ಬರ್ತದೆ.” ಬಗ್ಗಿ ನೋಡಿದೆವು. ಎಕ್ಸ್‌ಟೆನ್ಶನ್ ಬಾಕ್ಸಿನ ಒಂದು ತೂತು ಕಪ್ಪಾಗಿ ಕರಗಿತ್ತು. ಗೋಡೆಯ ಸಾಕೆಟ್ ಕೂಡ ಸಡಿಲವಾಗಿತ್ತು. ಎಲೆಕ್ಟ್ರಿಷಿಯನ್ ಬಂದು ಗೋಡೆಯ ಸಾಕೆಟ್ ಬದಲಿಸಿದರು. ಆ ಸಾಕೆಟ್ಟಿಗೆ ಇನ್ನೂರು ರೂಪಾಯಿಯೂ ಆಗಲಿಲ್ಲ. ಬಾಕ್ಸ್ ಬಿಟ್ಟು ಪ್ರಿಂಟರನ್ನು ನೇರವಾಗಿ ಗೋಡೆಗೆ ಹಾಕಿದ ಮೇಲೆ ಅದು ಆ ರೀತಿ ನಿಂತದ್ದೇ ಇಲ್ಲ. ರಿಪೇರಿಯ ನಂತರ ಆರು ದಿನ ನಡೆದದ್ದು ಹೇಗೆ? ಪ್ಲಗ್ಗನ್ನು ಕಿತ್ತು ಮತ್ತೆ ಹಾಕಿದಾಗ ಸಡಿಲ ಸಂಪರ್ಕ ಸ್ವಲ್ಪ ದಿನ ಕೂಡಿಕೊಂಡಿತ್ತು, ಅಷ್ಟೆ.

ಬೋರ್ಡ್ ನಿಜವಾಗಿಯೂ ಹೋಗಿತ್ತೋ ಇಲ್ಲವೋ ನಾವು ಹೇಳಲಾರೆವು, ಯಾಕೆಂದರೆ ನಾವು ಕೇಳಲಿಲ್ಲ. ಆದರೆ ಅರ್ಜಿಗಳು ತಡವಾದ ಆ ದಿನಗಳಲ್ಲಿ ಒಬ್ಬ ಸದಸ್ಯೆ ಮಗಳ ನರ್ಸಿಂಗ್ ಕಾಲೇಜಿನ ಫೀಸು ಕಟ್ಟಲು ಮೀಟರ್ ಬಡ್ಡಿಗೆ ಸಾಲ ಮಾಡಿದ್ದರು. ಬಡ್ಡಿಯವರ ಬಾಗಿಲಿಗೆ ಹೋಗಬಾರದು ಎಂದೇ ನಾವು ಸಂಘ ಕಟ್ಟಿದ್ದು. ಆ ಅಕ್ಕನನ್ನು ನಾವು ಕೇಳಿದೆವು, “ಬಾಕ್ಸ್ ಬಿಸಿಯಾಗುವುದನ್ನು ಮೊದಲೇ ಯಾಕೆ ಹೇಳಲಿಲ್ಲ?” ಅವರು ಹೇಳಿದರು: “ದೊಡ್ಡ ದೊಡ್ಡವರು ನೋಡ್ತಾ ಇದ್ದಾರೆ, ನಾನು ಹೇಳಿದ್ರೆ ಯಾರು ಕೇಳ್ತಾರೆ ಅಂತ ಸುಮ್ಮನಿದ್ದೆ.” ಆ ಮಾತು ನಮ್ಮ ಮನಸ್ಸಿನಲ್ಲಿ ಇವತ್ತಿಗೂ ಚುಚ್ಚುತ್ತದೆ.

ಲೇಸರ್ ಪ್ರಿಂಟರ್ ಅಷ್ಟು ಕರೆಂಟ್ ಎಳೆಯುವುದು ಯಾಕೆ?

ಲೇಸರ್ ಪ್ರಿಂಟರಿನಲ್ಲಿ ಶಾಯಿ ಇರುವುದಿಲ್ಲ, ಟೋನರ್ ಎಂಬ ನುಣ್ಣಗಿನ ಪುಡಿ ಇರುತ್ತದೆ. ಆ ಪುಡಿ ಮೊದಲು ಅಕ್ಷರದ ಆಕಾರದಲ್ಲಿ ಕಾಗದದ ಮೇಲೆ ಕೂರುತ್ತದೆ. ಅನಂತರ ಫ್ಯೂಸರ್ ಎಂಬ ಭಾಗ ಅದನ್ನು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕರಗಿಸಿ ಕಾಗದಕ್ಕೆ ಒತ್ತುತ್ತದೆ. ಹೊರಬಂದ ಕಾಗದ ಬಿಸಿಯಾಗಿರುವುದು ಇದರಿಂದಲೇ. ಅಂದರೆ ಪ್ರಿಂಟರಿನ ಹೊಟ್ಟೆಯಲ್ಲಿ ಒಂದು ಇಸ್ತ್ರಿ ಪೆಟ್ಟಿಗೆ ಇದೆ ಎಂದು ತಿಳಿಯಿರಿ. ಸುಮ್ಮನಿದ್ದಾಗ ಅದು ತೀರಾ ಕಡಿಮೆ ಕರೆಂಟ್ ಬಳಸುತ್ತದೆ. ಪ್ರಿಂಟ್ ಕೊಟ್ಟ ಕೂಡಲೇ ಫ್ಯೂಸರ್ ಕಾಯಲು ಕೆಲವು ನೂರು ವಾಟ್ ಎಳೆಯುತ್ತದೆ, ದೊಡ್ಡ ಯಂತ್ರವಾದರೆ ಸಾವಿರಕ್ಕೂ ಹೆಚ್ಚು. ದಾರಿಯಲ್ಲಿ ಎಲ್ಲಾದರೂ ಸಡಿಲವಿದ್ದರೆ ಆ ಕ್ಷಣದಲ್ಲೇ ಯಂತ್ರ ನಿಲ್ಲುತ್ತದೆ. “ಲೈಟ್ ಎಲ್ಲ ಸರಿ ಇತ್ತು, ಪ್ರಿಂಟ್ ಕೊಟ್ಟ ಕೂಡಲೇ ಆಫ್ ಆಯ್ತು” ಎಂದು ನೀವು ಹೇಳುವುದರ ಗುಟ್ಟು ಇದು.

ಇದರ ಜೊತೆಗೆ ಒಳಗೆ ಪವರ್ ಸಪ್ಲೈ ಬೋರ್ಡ್ ಇದೆ. ಗೋಡೆಯಿಂದ ಬರುವ 230 ವೋಲ್ಟ್ ಎ.ಸಿ. ಕರೆಂಟನ್ನು ಅದು ಮೋಟಾರುಗಳಿಗೆ ಸಾಮಾನ್ಯವಾಗಿ 24 ವೋಲ್ಟ್, ಯಂತ್ರದ ಮೆದುಳಿಗೆ 5 ಅಥವಾ 3.3 ವೋಲ್ಟ್ ಡಿ.ಸಿ. ಆಗಿ ಮಾಡಿಕೊಡುತ್ತದೆ.

ಎಚ್ಚರಿಕೆ: ನಾವು ಮಾಡುವುದೆಲ್ಲ ಹೊರಗಿನಿಂದ ಮಾತ್ರ

ಸ್ಕ್ರೂ ಬಿಚ್ಚಿ ಪ್ರಿಂಟರಿನ ಒಳಗೆ ಕೈ ಹಾಕಬೇಡಿ. ಪವರ್ ಬೋರ್ಡಿನಲ್ಲಿರುವ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ತುಂಬಿರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಸ್ವಲ್ಪ ಹೊತ್ತು ಉಳಿದಿರಬಹುದು, ಮುಟ್ಟಿದರೆ ಅಪಾಯ. ಫ್ಯೂಸರ್ ಕೂಡ ಆರಲು ಬಹಳ ಹೊತ್ತು ಬೇಕು. ವಾರಂಟಿ ಇರುವ ಯಂತ್ರವನ್ನು ನಾವೇ ಬಿಚ್ಚಿದರೆ ವಾರಂಟಿಯೂ ಹೋಗಬಹುದು. ಟೋನರ್ ಹಾಕುವ ಮತ್ತು ಸಿಕ್ಕಿದ ಕಾಗದ ತೆಗೆಯುವ ಬಾಗಿಲುಗಳನ್ನು ಮಾತ್ರ ನಾವು ತೆರೆಯಬಹುದು.

ಕೆಳಗಿನ ಯಾವುದಾದರೂ ಕಂಡರೆ ಪರೀಕ್ಷೆಯೇ ಬೇಡ. ಗೋಡೆಯ ಸ್ವಿಚ್ ಅಥವಾ ಮೈನ್ ಸ್ವಿಚ್ ಆಫ್ ಮಾಡಿ, ತಿಳಿದವರನ್ನು ಕರೆಯಿರಿ:

- ಸುಟ್ಟ ವಾಸನೆ, ಹೊಗೆ, ಚಟಪಟ ಸದ್ದು
- ಯಂತ್ರ ಮುಟ್ಟಿದರೆ ಶಾಕ್ ಅಥವಾ ಜುಮ್ಮೆನ್ನುವುದು
- ಮಳೆ ನೀರು ಅಥವಾ ಚಹಾ ಒಳಗೆ ಹೋಗಿರುವುದು
- ಆನ್ ಮಾಡಿದಾಗಲೆಲ್ಲ ಎಂ.ಸಿ.ಬಿ. ಬೀಳುವುದು ಅಥವಾ ಫ್ಯೂಸ್ ಹೋಗುವುದು

ಎಂ.ಸಿ.ಬಿ. ಬಿದ್ದರೆ ಮತ್ತೆ ಮತ್ತೆ ಏರಿಸಬೇಡಿ. ಅದು ಬೀಳುವುದು ನಮ್ಮನ್ನು ಕಾಪಾಡಲಿಕ್ಕೆ. ಹಳೆಯ ಫ್ಯೂಸ್ ಇರುವ ಕಡೆ ದಪ್ಪ ತಂತಿ ಕಟ್ಟುವ ಅಭ್ಯಾಸ ಇದೆ, ಅದನ್ನು ಖಂಡಿತ ಬಿಡಬೇಕು. ತಂತಿ ಕರಗದಿದ್ದರೆ ಗೋಡೆಯೊಳಗಿನ ವಯರ್ ಕರಗುತ್ತದೆ. ಬೆಂಕಿ ಕಂಡರೆ ನೀರು ಎರಚಬೇಡಿ, ಮೊದಲು ಮೈನ್ ಆಫ್ ಮಾಡಿ, ಒಣ ಮರಳು ಅಥವಾ ಕರೆಂಟ್ ಬೆಂಕಿಗೆ ತಕ್ಕ ಅಗ್ನಿಶಾಮಕ ಸಿಲಿಂಡರ್ ಬಳಸಿ.

ಒಂಬತ್ತು ಹೆಜ್ಜೆಗಳು

ಮನೆಯಲ್ಲಿ ನಳ್ಳಿಯಲ್ಲಿ ನೀರು ಬರದಿದ್ದರೆ ನಾವು ಮೊದಲು ಗೋಡೆ ಒಡೆಯುತ್ತೇವೆಯೇ? ಇಲ್ಲ. ಟ್ಯಾಂಕಿಯಲ್ಲಿ ನೀರು ಉಂಟೋ, ವಾಲ್ವ್ ತೆರೆದಿದೆಯೋ ಎಂದು ದಾರಿ ಹಿಡಿದು ನೋಡುತ್ತೇವೆ. ಇಲ್ಲಿಯೂ ಹಾಗೆಯೇ. ಒಂದು ಸಲಕ್ಕೆ ಒಂದೇ ಹೆಜ್ಜೆ. ಎರಡು ಬದಲಾವಣೆ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಯಾಯಿತು ಎಂದು ತಿಳಿಯುವುದಿಲ್ಲ.

1. ನಿದ್ದೆಯೋ, ನಿಲುಗಡೆಯೋ? ಈಚಿನ ಹಲವು ಪ್ರಿಂಟರುಗಳು ಕೆಲವು ಗಂಟೆ ಕೆಲಸವಿಲ್ಲದಿದ್ದರೆ ತಾವಾಗಿಯೇ ಆಫ್ ಆಗುತ್ತವೆ. ಪವರ್ ಗುಂಡಿಯನ್ನು ಒಮ್ಮೆ ಒತ್ತಿ ಒಂದು ನಿಮಿಷ ಕಾಯಿರಿ.

2. ಸಾಕೆಟ್ಟಿನಲ್ಲಿ ಕರೆಂಟ್ ಇದೆಯೇ? ಅದೇ ಸಾಕೆಟ್ಟಿಗೆ ಟೇಬಲ್ ಫ್ಯಾನ್ ಹಾಕಿ ನೋಡಿ. ಮೊಬೈಲ್ ಚಾರ್ಜರ್ ಹಾಕಿ ನೋಡಿದರೆ ಸಾಲದು. ಚಾರ್ಜರುಗಳು ಸಾಮಾನ್ಯವಾಗಿ 100ರಿಂದ 240 ವೋಲ್ಟಿನವರೆಗೆ ನಡೆಯುತ್ತವೆ. ವೋಲ್ಟೇಜ್ ತೀರಾ ಇಳಿದಿದ್ದರೂ ಚಾರ್ಜರ್ “ಎಲ್ಲ ಸರಿ” ಎನ್ನುತ್ತದೆ. ಫ್ಯಾನ್ ನಿಧಾನಕ್ಕೆ ತಿರುಗಿದರೆ ವೋಲ್ಟೇಜ್ ಕಡಿಮೆ ಎಂದು ಕಣ್ಣಿಗೇ ಕಾಣುತ್ತದೆ. ಟೆಸ್ಟರಿನ ದೀಪ ಉರಿದರೂ ಪೂರ್ತಿ ನಂಬಬೇಡಿ. ಅದು ಫೇಸ್ ಇದೆ ಎಂದು ಮಾತ್ರ ಹೇಳುತ್ತದೆ, ನ್ಯೂಟ್ರಲ್ ವಯರ್ ತುಂಡಾಗಿದ್ದರೆ ಹೇಳುವುದಿಲ್ಲ.

3. ನಡುವಿನದನ್ನೆಲ್ಲ ತೆಗೆಯಿರಿ. ಎಕ್ಸ್‌ಟೆನ್ಶನ್ ಬಾಕ್ಸ್, ಯು.ಪಿ.ಎಸ್., ಸ್ಟೆಬಿಲೈಸರ್ ಎಲ್ಲವನ್ನೂ ಬಿಟ್ಟು ಪ್ರಿಂಟರನ್ನು ನೇರವಾಗಿ ಗೋಡೆಯ ಮೂರು ಪಿನ್ನಿನ ಸಾಕೆಟ್ಟಿಗೆ ಹಾಕಿ. ಆಗ ಸರಿಯಾದರೆ ತಪ್ಪು ಯಂತ್ರದ್ದಲ್ಲ, ನಡುವಿನದ್ದು.

4. ಬಿಸಿ, ಕಪ್ಪು, ಸಡಿಲ. ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತು ನೋಡಿ. ಪಿನ್ನು ಕಪ್ಪಾಗಿದೆಯೇ? ಪ್ಲಾಸ್ಟಿಕ್ ಕರಗಿದೆಯೇ? ಸಾಕೆಟ್ಟಿನಲ್ಲಿ ಪ್ಲಗ್ ಅಲ್ಲಾಡುತ್ತದೆಯೇ? ಒಂದಿದ್ದರೂ ಆ ಸಾಕೆಟ್ ಬಳಸಬೇಡಿ, ಎಲೆಕ್ಟ್ರಿಷಿಯನ್‌ನಿಂದ ಬದಲಿಸಿ.

5. ವಯರ್ ಬದಲಿಸಿ ನೋಡಿ. ಹೆಚ್ಚಿನ ಪ್ರಿಂಟರುಗಳ ಪವರ್ ವಯರ್ ಮತ್ತು ಡೆಸ್ಕ್‌ಟಾಪ್ ಕಂಪ್ಯೂಟರಿನ ವಯರ್ ಒಂದೇ ಬಗೆಯದು. ಕಂಪ್ಯೂಟರನ್ನು ಸರಿಯಾಗಿ ಶಟ್ ಡೌನ್ ಮಾಡಿ, ಅದರ ವಯರನ್ನು ಪ್ರಿಂಟರಿಗೆ ಗಟ್ಟಿಯಾಗಿ ಒತ್ತಿ ಹಾಕಿ. ಜೀವ ಬಂದರೆ ಹೋದದ್ದು ವಯರ್ ಮಾತ್ರ. ಇಲಿ ಕಡಿದ ವಯರಿಗೆ ಟೇಪು ಸುತ್ತಿ ನಡೆಸಬೇಡಿ, ಹೊಸತು ತನ್ನಿ.

6. ವಿಶ್ರಾಂತಿ ಕೊಡಿ. ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಕರೆಂಟ್ ಏರಿಳಿದಾಗ ಕೆಲವು ಬೋರ್ಡುಗಳು ತಮ್ಮನ್ನು ತಾವೇ ಮುಚ್ಚಿಕೊಳ್ಳುತ್ತವೆ, ಪೂರ್ತಿ ಬಿಟ್ಟರೆ ಮತ್ತೆ ತೆರೆಯುತ್ತವೆ. ಪರದೆಯಲ್ಲಿ ಫ್ಯೂಸರ್ ದೋಷ ಎಂದು ಬಂದರೆ ಅರ್ಧ ಗಂಟೆ ಬಿಟ್ಟು, ನೇರ ಗೋಡೆಯ ಸಾಕೆಟ್ಟಿನಿಂದಲೇ ಆನ್ ಮಾಡಿ. ಎಚ್.ಪಿ. ಲೇಸರ್‌ಜೆಟ್ ಪ್ರಿಂಟರುಗಳಲ್ಲಿ ಈ ದೋಷದ ಸಂಖ್ಯೆ 50ರಿಂದ ಆರಂಭವಾಗುತ್ತದೆ. ಕರೆಂಟ್ ಕಡಿಮೆಯಾದಾಗಲೂ ಇದು ಬರುತ್ತದೆ. ಆದ್ದರಿಂದ ಸಂಖ್ಯೆ ನೋಡಿದ ಕೂಡಲೇ ಹೊಸ ಫ್ಯೂಸರ್ ತರಲು ಒಪ್ಪಬೇಡಿ.

7. ಬಾಗಿಲು ಮುಚ್ಚಿದೆಯೇ? ಬಾಗಿಲಿನ ಹತ್ತಿರ ಒಂದು ಸಣ್ಣ ಸ್ವಿಚ್ ಇರುತ್ತದೆ. ಬಾಗಿಲು ಪೂರ್ತಿ ಮುಚ್ಚದಿದ್ದರೆ ಒಳಗಿನ ಮೋಟಾರಿಗೆ ಕರೆಂಟ್ ಹೋಗುವುದಿಲ್ಲ. ಕಾರ್ಟ್ರಿಜ್ ತೆಗೆದು ಸರಿಯಾಗಿ ಕೂರಿಸಿ, ಟಕ್ ಎನ್ನುವವರೆಗೆ ಮುಚ್ಚಿ.

8. ಒಂಟಿಯಾಗಿ ನಿಲ್ಲಿಸಿ. ಕಂಪ್ಯೂಟರಿಗೆ ಹೋಗುವ ಯು.ಎಸ್.ಬಿ. ಕೇಬಲ್ ಮತ್ತು ಬೇರೆ ಕೇಬಲ್‌ಗಳನ್ನು ತೆಗೆದು ಆನ್ ಮಾಡಿ.

9. ಪರೀಕ್ಷಾ ಪುಟ. ಹೆಚ್ಚಿನ ಪ್ರಿಂಟರುಗಳಲ್ಲಿ ಅವುಗಳ ಮೇಲಿನ ಗುಂಡಿಯಿಂದಲೇ ಒಂದು ಪುಟ ತೆಗೆಯಬಹುದು. ಹೇಗೆಂದು ಯಂತ್ರದ ಪುಸ್ತಕದಲ್ಲಿ ಇರುತ್ತದೆ. ಆ ಪುಟ ಸರಿಯಾಗಿ ಬಂದರೆ ಕರೆಂಟ್ ಸರಿ ಇದೆ, ತೊಂದರೆ ಕಂಪ್ಯೂಟರಿನಲ್ಲಿ ಅಥವಾ ಕೇಬಲ್ಲಿನಲ್ಲಿ. ಆ ಪುಟವೂ ಅರ್ಧಕ್ಕೆ ನಿಂತರೆ, ಅಥವಾ ಎಂಟು ಹೆಜ್ಜೆ ಮುಗಿದರೂ ಒಂದು ಲೈಟೂ ಬರದಿದ್ದರೆ, ಈಗ ರಿಪೇರಿಯವರನ್ನು ಕರೆಯುವ ಸಮಯ.

ಯು.ಪಿ.ಎಸ್. ಬಗ್ಗೆ ಒಂದು ಮಾತು

“ಕರೆಂಟ್ ಹೋದ್ರೂ ಪ್ರಿಂಟ್ ಬರ್ಲಿ” ಎಂದು ಪ್ರಿಂಟರನ್ನು ಕಂಪ್ಯೂಟರಿನ ಸಣ್ಣ ಯು.ಪಿ.ಎಸ್.ಗೆ ಹಾಕುವುದು ನಾವೆಲ್ಲ ಮಾಡುವ ತಪ್ಪು. ಲೆಕ್ಕ ಹಾಕಿ ನೋಡೋಣ. ಪ್ರಿಂಟರಿನ ಹಿಂದೆ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 220–240 ವೋಲ್ಟ್, 3 ಆಂಪಿಯರ್ ಎಂದು ಇದೆ ಎಂದುಕೊಳ್ಳಿ. 230ನ್ನು 3ರಿಂದ ಗುಣಿಸಿದರೆ 690. ಅಂದರೆ ಜೋರಾಗಿ ಎಳೆಯುವಾಗ ಸುಮಾರು 690 ವಾಟ್. 600 ವಿ.ಎ. ಎಂದು ಬರೆದ ಯು.ಪಿ.ಎಸ್. ಸಾಮಾನ್ಯವಾಗಿ ಕೊಡುವುದು ಸುಮಾರು 360 ವಾಟ್. ಹತ್ತು ಕೆ.ಜಿ. ಹೊರುವವರ ತಲೆಗೆ ಇಪ್ಪತ್ತು ಕೆ.ಜಿ. ಇಟ್ಟ ಹಾಗೆ. ಯು.ಪಿ.ಎಸ್. ಕಿರುಚುತ್ತದೆ, ಪ್ರಿಂಟರ್ ನಿಲ್ಲುತ್ತದೆ, ಕಂಪ್ಯೂಟರ್ ಕೂಡ ಆಫ್ ಆಗಿ ಬರೆದದ್ದೆಲ್ಲ ಹೋಗುತ್ತದೆ. ಕಂಪ್ಯೂಟರ್ ಯು.ಪಿ.ಎಸ್.ನಲ್ಲಿ ಇರಲಿ, ಲೇಸರ್ ಪ್ರಿಂಟರ್ ಗೋಡೆಯಲ್ಲಿ ಇರಲಿ.

ಸೆಕೆಂಡ್ ಹ್ಯಾಂಡ್ ಪ್ರಿಂಟರ್ ಕೊಳ್ಳುವವರು ಇದೇ ಚೀಟಿಯನ್ನು ತಪ್ಪದೆ ಓದಿ. ಹೊರದೇಶದಿಂದ ಬಂದ ಕೆಲವು ಯಂತ್ರಗಳಲ್ಲಿ 110–127 ವೋಲ್ಟ್ ಎಂದು ಇರುತ್ತದೆ. ಅಂಥದ್ದನ್ನು ನಮ್ಮ 230 ವೋಲ್ಟಿಗೆ ನೇರವಾಗಿ ಹಾಕಿದರೆ ಸುಟ್ಟುಹೋಗುತ್ತದೆ. ಅಗ್ಗಕ್ಕೆ ಸಿಗುತ್ತದೆ ಎಂದು ತರಬೇಡಿ.

ರಿಪೇರಿಯವರೊಡನೆ ಮಾತನಾಡುವುದು

ಒಳ್ಳೆಯ ಮೆಕ್ಯಾನಿಕ್ ಪ್ರಶ್ನೆ ಕೇಳಿದರೆ ಬೇಸರ ಮಾಡುವುದಿಲ್ಲ. ಡಾಕ್ಟರ ಹತ್ತಿರ ಹೋದಾಗ “ಮೂರು ದಿನದಿಂದ ಜ್ವರ, ಸಂಜೆ ಜಾಸ್ತಿ” ಎಂದು ವಿವರವಾಗಿ ಹೇಳುತ್ತೇವಲ್ಲ, ಹಾಗೆಯೇ ಇಲ್ಲಿಯೂ. ಯಂತ್ರದ ಮಾಡೆಲ್, ಸೀರಿಯಲ್ ನಂಬರ್, ಯಾವಾಗ ನಿಂತಿತು, ಸಿಡಿಲು ಇತ್ತೇ, ಯಾವ ಲೈಟ್ ಉರಿಯುತ್ತದೆ, ನಾವು ಯಾವ ಹೆಜ್ಜೆ ಮಾಡಿದೆವು — ಇವಿಷ್ಟು ಒಂದು ಕಾಗದದಲ್ಲಿ ಬರೆದು ಕೊಡಿ. ಅನಂತರ ಇವನ್ನು ಕೇಳಿ:

- ಬೋರ್ಡಿನಿಂದ 24 ವೋಲ್ಟ್ ಮತ್ತು 5 ವೋಲ್ಟ್ ಬರುತ್ತದೆಯೇ ಎಂದು ಅಳೆದು ನೋಡಿದಿರಾ?
- ಫ್ಯೂಸ್ ಹೋಗಿದ್ದರೆ, ಅದು ಹೋದದ್ದು ಯಾಕೆ? ಫ್ಯೂಸ್ ಸುಮ್ಮನೆ ಹೋಗುವುದು ಅಪರೂಪ. ಕಾರಣ ಹುಡುಕದೆ ಹೊಸ ಫ್ಯೂಸ್ ಹಾಕಿದರೆ ಅದೂ ಹೋಗುತ್ತದೆ.
- ಹೊಸ ಭಾಗ ಎಷ್ಟು, ಕೂಲಿ ಎಷ್ಟು? ಕೆಲಸಕ್ಕೆ ಮೊದಲೇ ಬರೆದು ಕೊಡುವಿರಾ?
- ಹಳೆಯ ಭಾಗವನ್ನು ನಮಗೆ ವಾಪಸ್ ಕೊಡಿ. ಬಿಲ್ಲಿನಲ್ಲಿ ಗ್ಯಾರಂಟಿ ಎಷ್ಟು ದಿನ ಎಂದು ಬರೆಯಿರಿ.

ಬಿಲ್ ಇಲ್ಲದೆ ಹಣ ಕೊಡಬೇಡಿ. ಅನ್ಯಾಯವಾಯಿತು ಎಂದು ಕಂಡರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ಇಡೀ ಕಚೇರಿಯಲ್ಲೇ ವೋಲ್ಟೇಜ್ ಕಡಿಮೆಯಿದ್ದರೆ ಅದು ಪ್ರಿಂಟರ್ ರಿಪೇರಿಯವರ ಕೆಲಸವಲ್ಲ. ವಿದ್ಯುತ್ ಕಂಪನಿಗೆ 1912ರಲ್ಲಿ ದೂರು ಕೊಟ್ಟು, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಬಾರದಂತೆ ನೋಡಿಕೊಳ್ಳುವುದು

ನಮ್ಮ ಕರಾವಳಿಯಲ್ಲಿ ಮಳೆಗಾಲದ ಮೊದಲು ಮತ್ತು ಅಕ್ಟೋಬರ್ ಹೊತ್ತಿಗೆ ಸಂಜೆ ಗುಡುಗು ಸಿಡಿಲು ಜೋರು. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕಿತ್ತು ಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಸಿಡಿಲಿನ ಕರೆಂಟ್ ಸ್ವಿಚ್ಚಿನ ಸಣ್ಣ ಅಂತರವನ್ನು ಹಾರಿ ಬರಬಲ್ಲದು. ಸಿಡಿಲು ತಲೆಯ ಮೇಲೆ ಬಂದಾಗ ಓಡಿ ಹೋಗಿ ಪ್ಲಗ್ ಮುಟ್ಟಬೇಡಿ, ಯಂತ್ರಕ್ಕಿಂತ ಜೀವ ದೊಡ್ಡದು. ಹೋದ ಕರೆಂಟ್ ಬಂದ ಕೂಡಲೇ ಆನ್ ಮಾಡದೆ ಐದು ನಿಮಿಷ ಕಾಯಿರಿ. ಮೂರನೆಯ ದಪ್ಪ ಪಿನ್ನನ್ನು ಮುರಿದು ಎರಡು ಪಿನ್ನಿನ ಸಾಕೆಟ್ಟಿಗೆ ಹಾಕಬೇಡಿ, ಅದು ಅರ್ತ್, ನಮ್ಮ ಜೀವ ಕಾಯುವ ಪಿನ್ನು. ಪ್ರಿಂಟರ್ ಗೋಡೆಗೆ ಅಂಟಿಕೊಳ್ಳದೆ ಗಾಳಿ ಆಡುವಂತೆ ಇರಲಿ. ರಾತ್ರಿ ಬಟ್ಟೆ ಮುಚ್ಚಿ, ಆದರೆ ಯಂತ್ರ ತಣಿದ ಮೇಲೆ. ತಿಂಡಿ ಅಲ್ಲಿ ಇಡಬೇಡಿ. ಜಿರಳೆ, ಹಲ್ಲಿ ಒಳಗೆ ಹೊಕ್ಕು ಶಾರ್ಟ್ ಆಗುವುದು ಸುಳ್ಳಲ್ಲ.

ನಮ್ಮ ಕಚೇರಿಯಲ್ಲಿ ಈಗ ಒಂದು ನೋಟ್ ಪುಸ್ತಕ ಇದೆ. ಪ್ರತಿ ತಿಂಗಳ ಮೊದಲ ಸೋಮವಾರ ಸಾಕೆಟ್, ಪ್ಲಗ್, ವಯರ್ ನೋಡಿ ಅದರಲ್ಲಿ ಬರೆಯುತ್ತಾರೆ. ಬರೆಯುವವರು ಬೇರೆ ಯಾರೂ ಅಲ್ಲ, ಆ ದಿನ ಬಾಗಿಲ ಹತ್ತಿರ ನಿಂತು ಮೆಲ್ಲಗೆ ಮಾತಾಡಿದ ಅಕ್ಕ. ಮೊದಲ ಸಲ ಪುಸ್ತಕ ಕೊಟ್ಟಾಗ, “ನನ್ನ ಅಕ್ಷರ ಚಂದ ಇಲ್ಲ ಸಿಸ್ಟರ್” ಎಂದರು. ಈಗ ಅವರು ಸಹಿ ಮಾಡದೆ ಯಾರೂ ಹೊಸ ಪ್ಲಗ್ ಹಾಕುವ ಹಾಗಿಲ್ಲ.

ಸಂಘದ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಕಚೇರಿ ಅಥವಾ ಮನೆಯಲ್ಲಿ ಬಿಸಿಯಾಗುವ, ಅಲ್ಲಾಡುವ ಪ್ಲಗ್ ಯಾವುದು? ಯಾರು, ಯಾವಾಗ ಸರಿಮಾಡಿಸುತ್ತೇವೆ?
2. ಕಳೆದ ವರ್ಷ ರಿಪೇರಿಗಳಿಗೆ ನಮ್ಮ ಸಂಘ ಎಷ್ಟು ಖರ್ಚು ಮಾಡಿದೆ? ಅದರಲ್ಲಿ ಬಿಲ್ ಇರುವುದು ಎಷ್ಟಕ್ಕೆ?
3. ಗೊತ್ತಿದ್ದರೂ ಹೇಳದೆ ಸುಮ್ಮನಿರುವವರು ನಮ್ಮ ಸಂಘದಲ್ಲಿ ಇದ್ದಾರೆಯೇ? ಅವರು ಮಾತಾಡಲು ನಾವು ಏನು ಮಾಡಬೇಕು?

ಈ ತಿಂಗಳ ಕೆಲಸ: ಒಂಬತ್ತು ಹೆಜ್ಜೆಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಪ್ರಿಂಟರಿನ ಮೇಲಿನ ಗೋಡೆಗೆ ಅಂಟಿಸಿ. ಸಂಘದ ಇಬ್ಬರು ಸದಸ್ಯೆಯರು ಅವನ್ನು ಉಳಿದವರ ಮುಂದೆ ಮಾಡಿ ತೋರಿಸಲಿ. ನಡಾವಳಿ ಪುಸ್ತಕದಲ್ಲಿ ದಾಖಲಿಸಲು ಮರೆಯಬೇಡಿ.